ಮಿಂಚಂಚೆಯ ಬೀಗದ ಕೈ ಯಾರ ಬಳಿ ಇದೆ?

ವ್ಯಾಪಾರದಲ್ಲಿ ಪತ್ರವ್ಯವಹಾರಕ್ಕೆ ಇರುವ ಸ್ಥಾನ ಹೊಸದೇನಲ್ಲ. ಬೀದರಿನ ಗಾಂಧಿಗಂಜಿನ ಅಡತಿ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಅಂಚೆಯವನು ತಂದ ಪತ್ರವನ್ನು ಮಾಲೀಕರು ತಾವೇ ಒಡೆದು ಓದಿ, ತಂತಿಗೆ ಪೋಣಿಸಿ ಇಡುತ್ತಿದ್ದರು. ಅಂಗಡಿಯ ಮೊಹರನ್ನಾಗಲಿ, ತಿಜೋರಿಯ ಬೀಗದ ಕೈಯನ್ನಾಗಲಿ ಹೊರಗಿನವರಿಗೆ ಒಪ್ಪಿಸುವ ಮಾತೇ ಇರಲಿಲ್ಲ. ಇಂದು ಆ ಪತ್ರ, ಆ ಮೊಹರು, ಆ ಬೀಗದ ಕೈ ಮೂರೂ ಒಂದಾಗಿ ಮಿಂಚಂಚೆ ವಿಳಾಸವೆಂಬ ರೂಪವನ್ನು ತಾಳಿವೆ. ತೆರಿಗೆ ಇಲಾಖೆಯ ನೋಟಿಸು, ಬ್ಯಾಂಕಿನ ಸೂಚನೆ, ಟೆಂಡರಿನ ಕರೆ, ಹೊರರಾಜ್ಯದ ಖರೀದಿದಾರರ ಬೇಡಿಕೆ, ಮರೆತ ಗುಪ್ತಪದವನ್ನು ಮರಳಿ ಪಡೆಯುವ ಸಂಕೇತ ಎಲ್ಲವೂ ಬಂದು ಬೀಳುವುದು ಅಲ್ಲಿಯೇ.

ಇಷ್ಟು ಮಹತ್ವದ ಈ ವಿಳಾಸದ ವಿಷಯದಲ್ಲಿ ನಮ್ಮ ವರ್ತಕರು ಮತ್ತು ಸಣ್ಣ ಉದ್ಯಮಿಗಳು ತೋರುತ್ತಿರುವ ಉದಾಸೀನತೆ ಮಾತ್ರ ಆತಂಕಕಾರಿಯಾಗಿದೆ. ವಿಳಾಸ ಸೃಷ್ಟಿಸಿದವರು ತೆರಿಗೆ ಸಲಹೆಗಾರರು. ಗುಪ್ತಪದ ಬಲ್ಲವರು ಮುನೀಮರು. ಪತ್ರ ತೆರೆಯುವ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಟ್ಟವನು ಮೊಬೈಲ್ ಅಂಗಡಿಯ ಹುಡುಗ. ಮಾಲೀಕರಿಗೆ ಉಳಿದಿರುವುದು ಹೊಣೆಗಾರಿಕೆ ಮಾತ್ರ. ಮಿಂಚಂಚೆಯ ಆ್ಯಪ್‌ಗಳು ಬಳಕೆಗೆ ಎಷ್ಟು ಅನುಕೂಲ, ನಮ್ಮ ವ್ಯವಹಾರದ ಗುಟ್ಟನ್ನು ಎಷ್ಟರಮಟ್ಟಿಗೆ ಕಾಯುತ್ತವೆ ಎಂಬ ಪ್ರಶ್ನೆ ಬೆಂಗಳೂರಿನ ತಂತ್ರಜ್ಞರಿಗೆ ಸೇರಿದ್ದೆಂದು ನಾವು ಭಾವಿಸಿದ್ದೇವೆ. ಅದು ಬೀದರಿನ ಬಿದರಿ ಕರಕುಶಲಕರ್ಮಿಗೂ, ಭಾಲ್ಕಿಯ ಬೇಳೆ ಮಿಲ್ಲಿನ ಮಾಲೀಕರಿಗೂ, ಔರಾದಿನ ಬೀಜ-ಗೊಬ್ಬರದ ವ್ಯಾಪಾರಿಗೂ ಅಷ್ಟೇ ಸೇರಿದ ಪ್ರಶ್ನೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಓದದಿದ್ದರೂ ತಲುಪಿದಂತೆಯೇ

ಮೊದಲು ಕಾನೂನಿನ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೆಯ ಪ್ರಕರಣದ ಪ್ರಕಾರ, ಒಬ್ಬರು ತಮ್ಮ ಪತ್ರಗಳಿಗೆಂದು ಗೊತ್ತುಪಡಿಸಿದ ವಿದ್ಯುನ್ಮಾನ ವಿಳಾಸಕ್ಕೆ ಸಂದೇಶವು ಪ್ರವೇಶಿಸಿದ ಕ್ಷಣವೇ ಅದು ಅವರಿಗೆ ತಲುಪಿದ ಕ್ಷಣ. ಅವರು ಅದನ್ನು ತೆರೆದರೋ ಇಲ್ಲವೋ ಎಂಬುದನ್ನು ಕಾನೂನು ಕೇಳುವುದಿಲ್ಲ. 2017ರ ಜುಲೈ 1ರಂದು ಜಾರಿಗೆ ಬಂದ ಜಿ.ಎಸ್.ಟಿ. ಕಾಯ್ದೆಯ 169ನೆಯ ಪ್ರಕರಣವೂ ನೋಂದಣಿಯ ಸಮಯದಲ್ಲಿ ನೀಡಿದ ಮಿಂಚಂಚೆ ವಿಳಾಸಕ್ಕೆ ಕಳುಹಿಸುವುದನ್ನು ನೋಟಿಸು ಜಾರಿಯ ಒಂದು ಕ್ರಮವೆಂದೇ ಅಂಗೀಕರಿಸಿದೆ. ಆದೇಶವೊಂದು ಹೊರಬಿದ್ದರೆ, ಅದು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೊಂದು ತಿಂಗಳ ರಿಯಾಯಿತಿ, ಅಷ್ಟೇ.

ಈಗ ನಮ್ಮ ವಾಸ್ತವ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಜಿ.ಎಸ್.ಟಿ. ನೋಂದಣಿಯ ಗಡಿಬಿಡಿಯಲ್ಲಿ ಅನೇಕರ ಅರ್ಜಿಗಳಲ್ಲಿ ಸಲಹೆಗಾರರ ಮಿಂಚಂಚೆ ಮತ್ತು ಮೊಬೈಲ್ ಸಂಖ್ಯೆಗಳೇ ನಮೂದಾದವು. ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ಮಧ್ಯವರ್ತಿಗಳು ತಮ್ಮದೇ ವಿಳಾಸ ನೀಡಿ ನೋಂದಣಿ ಮಾಡಿಸಿ, ನಂತರ ವಿವರಗಳನ್ನು ವರ್ತಕರಿಗೆ ಕೊಡುತ್ತಿಲ್ಲವೆಂಬ ದೂರುಗಳು ಬಂದುದರಿಂದ, ತೆರಿಗೆದಾರರು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡು, ದಾಖಲೆ ತೋರಿಸಿ ವಿಳಾಸವನ್ನು ಬದಲಾಯಿಸಿಕೊಳ್ಳಬಹುದೆಂದು ಕೇಂದ್ರ ಹಣಕಾಸು ಸಚಿವಾಲಯ 2018ರಲ್ಲಿಯೇ ಪ್ರಕಟಣೆ ಹೊರಡಿಸಬೇಕಾಯಿತು. ಆ ಅವಕಾಶವನ್ನು ನಮ್ಮಲ್ಲಿ ಎಷ್ಟು ಮಂದಿ ಬಳಸಿಕೊಂಡಿದ್ದೇವೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಸಲಹೆಗಾರರನ್ನು ಸಂಶಯಿಸಬೇಕೆಂಬುದು ಇದರ ಅರ್ಥವಲ್ಲ. ನೂರಾರು ಕಕ್ಷಿದಾರರ ಪತ್ರಗಳು ಬಂದು ಬೀಳುವ ಒಂದು ಅಂಚೆಪೆಟ್ಟಿಗೆಯಲ್ಲಿ ಒಂದು ಪತ್ರ ಕಣ್ತಪ್ಪಿ ಹೋಗುವುದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ನೋಟಿಸು ಕಾಣದೆ ಏಕಪಕ್ಷೀಯ ಆದೇಶಕ್ಕೆ ಗುರಿಯಾದ ವರ್ತಕರಿಗೆ ಮದ್ರಾಸ್ ಉಚ್ಚ ನ್ಯಾಯಾಲಯವು ಹಲವು ಪ್ರಕರಣಗಳಲ್ಲಿ ಮರುವಿಚಾರಣೆಯ ಅವಕಾಶ ನೀಡಿರುವುದುಂಟು. ಆದರೆ ವಿವಾದಿತ ತೆರಿಗೆಯ ಒಂದು ಭಾಗವನ್ನು ಮೊದಲೇ ಕಟ್ಟಬೇಕೆಂಬ ಷರತ್ತಿನ ಮೇಲೆ. ನಮ್ಮ ವರ್ತಕರು ಅಂಥ ಪರಿಹಾರ ಬೇಡಿ ಕಲಬುರಗಿ ಪೀಠದವರೆಗೆ ಹೋಗಬೇಕು. ವಕೀಲರ ಶುಲ್ಕ, ಓಡಾಟ, ಕಟ್ಟಬೇಕಾದ ಮೊತ್ತ ಇವೆಲ್ಲವನ್ನೂ ಲೆಕ್ಕ ಹಾಕಿದರೆ, ದಿನಕ್ಕೆ ಒಮ್ಮೆ ಅಂಚೆಪೆಟ್ಟಿಗೆ ತೆರೆದು ನೋಡುವ ಐದು ನಿಮಿಷ ಎಷ್ಟು ಅಗ್ಗವೆಂಬುದು ವ್ಯಾಪಾರಿಗೆ ಬೇರೆ ಹೇಳಬೇಕಿಲ್ಲ.

ಚಿಕ್ಕ ಪರದೆಯ ದೊಡ್ಡ ತೊಡಕು

ನಮ್ಮಲ್ಲಿ ಬಹುತೇಕರು ಮಿಂಚಂಚೆಯನ್ನು ಓದುವುದು ಮೊಬೈಲಿನಲ್ಲಿ. ಅಂಗೈಯಗಲದ ಪರದೆಯಲ್ಲಿ ಎಲ್ಲವನ್ನೂ ತೋರಿಸಲಾಗದೆಂದು ಆ್ಯಪ್ ತಯಾರಿಸುವವರು ಹಲವು ವಿವರಗಳನ್ನು ಮರೆಮಾಡುತ್ತಾರೆ. ಹೀಗೆ ಮರೆಯಾಗುವುದರಲ್ಲಿ ಅತ್ಯಂತ ಮುಖ್ಯವಾದದ್ದು ಕಳುಹಿಸಿದವರ ನಿಜವಾದ ವಿಳಾಸ. ಪರದೆಯ ಮೇಲೆ ಕಾಣುವುದು ಹೆಸರು ಮಾತ್ರ. ಆ ಹೆಸರನ್ನು ಕಳುಹಿಸುವವನು ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಹೈದರಾಬಾದಿನ ನಿಮ್ಮ ಹಳೆಯ ಖರೀದಿದಾರರ ಹೆಸರಿನಲ್ಲಿ ಯಾವನೋ ಅಪರಿಚಿತ ಪತ್ರ ಬರೆದರೆ, ಹೆಸರಿನ ಮೇಲೆ ಬೆರಳೊತ್ತಿ ವಿಳಾಸವನ್ನು ಬಿಡಿಸಿ ನೋಡಿದ ಹೊರತು ವ್ಯತ್ಯಾಸ ತಿಳಿಯುವುದಿಲ್ಲ.

ವಿಳಾಸ ಕಂಡರೂ ಮೋಸ ತಪ್ಪದಿರುವುದುಂಟು. ಸರ್ಕಾರಿ ಸ್ವಾಮ್ಯದ ಓ.ಎನ್.ಜಿ.ಸಿ. ಸಂಸ್ಥೆಯ ಪ್ರಕರಣ ಇದಕ್ಕೆ ಉದಾಹರಣೆ. ಅದರ ಮಿಂಚಂಚೆ ವಿಳಾಸದಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದ ನಕಲಿ ವಿಳಾಸದಿಂದ ವಂಚಕರು ವಿದೇಶಿ ಖರೀದಿದಾರರಿಗೆ ಪತ್ರ ಬರೆದು, ಬ್ಯಾಂಕ್ ಖಾತೆ ಬದಲಾಗಿದೆಯೆಂದು ನಂಬಿಸಿದರು. 197 ಕೋಟಿ ರೂಪಾಯಿಗಳ ಪಾವತಿ ಬೇರೆ ಖಾತೆಗೆ ಹೋಯಿತೆಂದು 2015ರಲ್ಲಿ ಮುಂಬಯಿಯಲ್ಲಿ ದೂರು ದಾಖಲಾಯಿತು. ಗೂಗಲ್ ಮತ್ತು ಫೇಸ್‌ಬುಕ್‌ನಂಥ ತಂತ್ರಜ್ಞಾನದ ದಿಗ್ಗಜರೇ 2013ರಿಂದ 2015ರ ಅವಧಿಯಲ್ಲಿ ಲಿಥುವೇನಿಯಾದ ಒಬ್ಬ ವ್ಯಕ್ತಿ ಕಳುಹಿಸಿದ ನಕಲಿ ಬಿಲ್ಲುಗಳನ್ನು ನಂಬಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಪಾವತಿಸಿದರು. 2019ರಲ್ಲಿ ಅವನಿಗೆ ಅಮೆರಿಕದ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. ಇಂಥ ವ್ಯಾಪಾರಿ ಮಿಂಚಂಚೆ ವಂಚನೆಯಿಂದ 2023ರ ಒಂದೇ ವರ್ಷದಲ್ಲಿ ಸುಮಾರು 290 ಕೋಟಿ ಡಾಲರ್ ನಷ್ಟವಾದ ದೂರುಗಳು ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ.ಗೆ ಬಂದಿದ್ದವು. ಅಂಥ ಸಂಸ್ಥೆಗಳು ಹೊಡೆತವನ್ನು ತಾಳಿಕೊಂಡವು. ಒಂದು ಲಾರಿ ತೊಗರಿಬೇಳೆಯ ಹಣ ತಪ್ಪು ಖಾತೆಗೆ ಹೋದರೆ ತಾಳಿಕೊಳ್ಳುವ ಶಕ್ತಿ ಭಾಲ್ಕಿಯ ಸಣ್ಣ ಮಿಲ್ಲಿಗೆ ಇದೆಯೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇನ್ನು ವಿಳಾಸವನ್ನು ತಾನೇ ಪೂರ್ತಿಗೊಳಿಸುವ ಸೌಲಭ್ಯ. ಎರಡು ಅಕ್ಷರ ಬರೆದೊಡನೆ ಉಳಿದುದನ್ನು ಆ್ಯಪ್ ಸೂಚಿಸುತ್ತದೆ. ಪಾಟೀಲರು, ಬಿರಾದಾರರು, ಸ್ವಾಮಿಗಳು ಊರಿಗೆ ಹತ್ತಾರು ಮಂದಿ ಇರುವ ನಮ್ಮ ಸೀಮೆಯಲ್ಲಿ ಒಬ್ಬ ಪಾಟೀಲರಿಗೆ ಬರೆದ ದರಪಟ್ಟಿ ಅವರ ಪ್ರತಿಸ್ಪರ್ಧಿ ಪಾಟೀಲರಿಗೆ ತಲುಪುವುದಕ್ಕೆ ಒಂದು ಬೆರಳಿನ ಅವಸರ ಸಾಕು. ಜಿಮೇಲ್‌ನಲ್ಲಿ ಕಳುಹಿಸಿದ ಪತ್ರವನ್ನು ಹಿಂದಕ್ಕೆ ಪಡೆಯಲು 30 ಸೆಕೆಂಡುಗಳವರೆಗೆ ಅವಕಾಶ ಇಟ್ಟುಕೊಳ್ಳಬಹುದು. ಆದರೆ ಆ ಅವಧಿಯನ್ನು ಹೆಚ್ಚಿಸುವ ಆಯ್ಕೆ ಗಣಕಯಂತ್ರದ ಸೆಟ್ಟಿಂಗ್‌ನೊಳಗೆ ಅಡಗಿದೆ. ಹುಡುಕಿ ಬದಲಾಯಿಸುವವರು ವಿರಳ.

ಪತ್ರಗಳನ್ನು ಆ್ಯಪ್ ತಾನೇ ವಿಂಗಡಿಸುವುದು ಇನ್ನೊಂದು ತೊಡಕು. ಮುಖ್ಯ, ಪ್ರಚಾರ, ಇತರೆ, ಸ್ಪ್ಯಾಮ್ ಎಂದು ಬೇರೆ ಬೇರೆ ಗೂಡುಗಳಿಗೆ ಪತ್ರಗಳು ಹಂಚಿಹೋಗುತ್ತವೆ. ಯಾವುದು ಮುಖ್ಯವೆಂದು ತೀರ್ಮಾನಿಸುವುದು ಒಂದು ಗಣಿತಸೂತ್ರ. ಅದಕ್ಕೆ ಟೆಂಡರಿನ ಕೊನೆಯ ದಿನಾಂಕದ ಅರಿವಿಲ್ಲ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯಿಂದ ಪತ್ರದ ಸಾರಾಂಶವನ್ನು ಎರಡು ಸಾಲಿನಲ್ಲಿ ಹೇಳುವ ವ್ಯವಸ್ಥೆಯೂ ಬಂದಿದೆ. ಇಂಗ್ಲಿಷಿನ ಉದ್ದುದ್ದ ನೋಟಿಸುಗಳನ್ನು ಕಂಡು ಹಿಂಜರಿಯುವವರಿಗೆ ಇದು ವರದಾನವೆನಿಸಬಹುದು. ಆದರೆ ಸಾರಾಂಶದಲ್ಲಿ ಒಂದು ದಿನಾಂಕವೋ ಒಂದು ಷರತ್ತೋ ಬಿಟ್ಟುಹೋದರೆ ಹೊಣೆ ನಮ್ಮದೇ ಹೊರತು ಯಂತ್ರದ್ದಲ್ಲ. ಸಾರಾಂಶವನ್ನು ಓದಿ ಮೂಲವನ್ನು ಬಿಡಕೂಡದು.

ಕನ್ನಡದ ವಿಷಯದಲ್ಲಿ ನಮ್ಮ ಕಷ್ಟ ಬೇರೆಯೇ ಇದೆ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಒಪ್ಪಂದವೋ ಠರಾವೋ ಕಚೇರಿಯ ಗಣಕಯಂತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದೇ ಕಡತ ಮಿಂಚಂಚೆಯ ಮೂಲಕ ಮೊಬೈಲಿಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇರುವುದಿಲ್ಲ. ತೀರಾ ಅನಿವಾರ್ಯವಾದರೆ ಪಿ.ಡಿ.ಎಫ್. ಮಾಡಿ ಕಳುಹಿಸಬೇಕು. ಕನ್ನಡದಂಥ ಲಿಪಿಗಳಲ್ಲಿಯೇ ಮಿಂಚಂಚೆ ವಿಳಾಸ ಹೊಂದಲು ಅಗತ್ಯವಾದ ತಾಂತ್ರಿಕ ಮಾನದಂಡ 2012ರಲ್ಲಿಯೇ ಸಿದ್ಧವಾಗಿದ್ದರೂ ವ್ಯಾಪಾರದಲ್ಲಿ ಅದು ಇನ್ನೂ ಬಳಕೆಗೆ ಬಂದಿಲ್ಲವೆಂಬುದು ವಿಷಾದದ ಸಂಗತಿ.

ಉಚಿತವೆಂಬುದರ ಬೆಲೆ

ಎರಡನೆಯದು ಗೋಪ್ಯತೆಯ ಪ್ರಶ್ನೆ. ಹಣ ಪಡೆಯದೆ ಸೇವೆ ನೀಡುವವನು ಬೇರೆ ಏನನ್ನಾದರೂ ಪಡೆಯುತ್ತಿರಬೇಕೆಂಬುದು ವ್ಯಾಪಾರದ ಮೊದಲ ಪಾಠ. 2004ರಲ್ಲಿ ಆರಂಭವಾದ ಜಿಮೇಲ್, ಬಳಕೆದಾರರ ಪತ್ರಗಳ ಒಕ್ಕಣೆಯನ್ನು ಯಂತ್ರದಿಂದ ಶೋಧಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುತ್ತಿತ್ತು. ಜಾಹೀರಾತಿಗಾಗಿ ಹೀಗೆ ಶೋಧಿಸುವುದನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದ್ದು 2017ರಲ್ಲಿ. ಆದರೆ ಅಂಚೆಪೆಟ್ಟಿಗೆಯನ್ನು ಅಚ್ಚುಕಟ್ಟು ಮಾಡಿಕೊಡುವುದಾಗಿ ಹೇಳಿ ಬಂದ ಮೂರನೆಯವರ ಆ್ಯಪ್‌ಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಡದ ಪ್ರಚಾರಪತ್ರಗಳನ್ನು ನಿಲ್ಲಿಸಿಕೊಡುತ್ತಿದ್ದ ಅನ್‌ರೋಲ್‌ಮಿ ಎಂಬ ಸೇವೆಯು ಬಳಕೆದಾರರ ಪತ್ರಗಳಲ್ಲಿದ್ದ ಖರೀದಿ ರಸೀದಿಗಳ ಮಾಹಿತಿಯನ್ನು ತನ್ನ ಮಾತೃಸಂಸ್ಥೆಗೆ ಒದಗಿಸುತ್ತಿದ್ದುದು, ಆ ಸಂಸ್ಥೆ ಹೆಸರುಗಳನ್ನು ತೆಗೆದ ಆ ಮಾಹಿತಿಯನ್ನು ಇತರ ಕಂಪನಿಗಳಿಗೆ ಮಾರುತ್ತಿದ್ದುದು 2017ರಲ್ಲಿ ಬಯಲಾಯಿತು. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಸೇವೆಯ ಮೇಲೆ ಕ್ರಮ ಕೈಗೊಂಡಿತು. ಮಿಂಚಂಚೆ ಸೇವೆಗಳನ್ನು ಅಭಿವೃದ್ಧಿಪಡಿಸುವ ಕೆಲವು ಕಂಪನಿಗಳ ನೌಕರರೇ ಬಳಕೆದಾರರ ಸಾವಿರಾರು ಪತ್ರಗಳನ್ನು ಓದಿದ್ದರೆಂದು 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು. 2020ರಲ್ಲಿ ಜನಪ್ರಿಯ ಮೇಲ್ ಆ್ಯಪ್‌ಗಳು ಪೆಟ್ಟಿಗೆಯೊಳಗಿನ ಮಾಹಿತಿಯನ್ನು ಮಾರಾಟದ ಸರಕಾಗಿಸಿದ್ದ ವರದಿಗಳೂ ಬಂದವು.

ಈ ಎಲ್ಲ ಪ್ರಕರಣಗಳಲ್ಲಿಯೂ ಬಳಕೆದಾರರು 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತಿದ್ದರು. ಯಾವುದಕ್ಕೆ ಒಪ್ಪಿದೆವೆಂದು ಓದಿರಲಿಲ್ಲ. ವ್ಯಾಪಾರಿಯ ಅಂಚೆಪೆಟ್ಟಿಗೆಯಲ್ಲಿ ಇರುವುದೇನು? ಯಾರಿಂದ ಯಾವ ದರಕ್ಕೆ ಕೊಂಡೆ, ಯಾರಿಗೆ ಎಷ್ಟು ದಿನದ ಉದ್ದರಿ ಕೊಟ್ಟೆ, ಬ್ಯಾಂಕಿನ ಸಾಲ ಎಷ್ಟು ಎಂಬ ಗುಟ್ಟುಗಳೇ. ಮೊಬೈಲಿನ ಸಂಪರ್ಕ ಪಟ್ಟಿಯನ್ನು ಓದಲು ಒಂದು ಆ್ಯಪ್ ಅನುಮತಿ ಕೇಳುತ್ತದೆಂದರೆ, ಅದು ಕೇಳುತ್ತಿರುವುದು ನಿಮ್ಮ ಗಿರಾಕಿಗಳ ಖಾತೆಪುಸ್ತಕವನ್ನು. ಅಂಗಡಿಗೆ ಬಂದ ಅಪರಿಚಿತನು ಆ ಪುಸ್ತಕವನ್ನು ಕೇಳಿದರೆ ಕೊಡುತ್ತೇವೆಯೇ?

ಬಿದರಿ ಕಸುಬಿನವರಿಗೆ ಇದರ ಮತ್ತೊಂದು ಮುಖವಿದೆ. ಬಿದರಿ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಪದ್ಮಶ್ರೀ ಸಂದು ಈ ಕಲೆಯ ಕೀರ್ತಿ ಹೆಚ್ಚಿದೆ. ಆದರೆ ಭೌಗೋಳಿಕ ಸೂಚಿಕೆ ರಕ್ಷಿಸುವುದು ಬಿದರಿ ಎಂಬ ಹೆಸರನ್ನು. ಒಬ್ಬ ಕುಶಲಕರ್ಮಿ ಹೊಸದಾಗಿ ಬಿಡಿಸಿದ ಬಳ್ಳಿಯ ವಿನ್ಯಾಸವನ್ನಲ್ಲ. ದೂರದ ಖರೀದಿದಾರರಿಗೆ ಮಾದರಿಯ ಚಿತ್ರಗಳನ್ನು ಮಿಂಚಂಚೆಯಲ್ಲಿ ಕಳುಹಿಸುವಾಗ, ಆ ಚಿತ್ರ ಎಲ್ಲೆಲ್ಲಿ ಪ್ರತಿಯಾಗಿ ಉಳಿಯುತ್ತದೆ ಎಂಬ ಎಚ್ಚರ ಅಗತ್ಯ.

ಮೂಲತಃ ಬದಲಾಯಿಸದೆ ಬಿಟ್ಟ ಆಯ್ಕೆಗಳೇ ನಮ್ಮ ಮೇಲೆ ಹೇರಿದ ಆಯ್ಕೆಗಳಾಗುತ್ತವೆ. ಜಿಮೇಲ್‌ನ 'ಸ್ಮಾರ್ಟ್' ಸೌಲಭ್ಯಗಳು ಐರೋಪ್ಯ ದೇಶಗಳು, ಬ್ರಿಟನ್, ಸ್ವಿಟ್ಜರ್‌ಲೆಂಡ್ ಮತ್ತು ಜಪಾನಿನ ಬಳಕೆದಾರರಿಗೆ ಆರಂಭದಲ್ಲಿ ಆಫ್ ಆಗಿರುತ್ತವೆ. ಬೇಕೆಂದವರು ಆನ್ ಮಾಡಿಕೊಳ್ಳಬೇಕು. ಆ ಪಟ್ಟಿಯಲ್ಲಿ ಭಾರತವಿಲ್ಲ. ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಈ ಕಾಯ್ದೆ ದೊಡ್ಡ ಕಂಪನಿಗಳನ್ನು ಮಾತ್ರ ಕಟ್ಟಿಹಾಕುತ್ತದೆಂದು ತಿಳಿಯಬಾರದು. ಗಿರಾಕಿಗಳ ಆಧಾರ್, ಪ್ಯಾನ್ ಪ್ರತಿಗಳನ್ನು ಮಿಂಚಂಚೆಯಲ್ಲಿ ತರಿಸಿಕೊಂಡು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಯೇ ಬಿಟ್ಟಿರುವ ನಮಗೂ ಅದು ಹೊಣೆ ಹೊರಿಸುತ್ತದೆ.

ಮೇಜಿನ ಮೇಲಿನ ಗಣಕಯಂತ್ರ

ಕಚೇರಿಯ ಗಣಕಯಂತ್ರದಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್‌ನಂಥ ತಂತ್ರಾಂಶಗಳು ಪತ್ರಗಳನ್ನು ಇಳಿಸಿಕೊಂಡು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಿದ್ದ ಕಾಲವಿತ್ತು. ಆಗ ಗಣಕಯಂತ್ರ ಕೆಟ್ಟರೆ ಪತ್ರಗಳೂ ಹೋದವು ಎಂಬ ಭಯ. ಈಗ ಪರಿಸ್ಥಿತಿ ತಿರುಗಿದೆ. ಪತ್ರಗಳು ದೂರದ ಸರ್ವರ್‌ಗಳಲ್ಲಿ ಇರುತ್ತವೆ. ನಮ್ಮ ಬಳಿ ಪ್ರತಿಯೇ ಇಲ್ಲ. ವಿಂಡೋಸ್‌ನ ಜೊತೆಗೆ ಬರುತ್ತಿದ್ದ ಮೇಲ್ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿ, ಬಳಕೆದಾರರನ್ನು ಹೊಸ ಔಟ್‌ಲುಕ್ ಕಡೆಗೆ ಕಳುಹಿಸಿತು. ಆ ಹೊಸ ಔಟ್‌ಲುಕ್‌ನಲ್ಲಿ ಬೇರೆ ಕಂಪನಿಯ ಮಿಂಚಂಚೆ ಖಾತೆಯನ್ನು ಸೇರಿಸಿದರೆ, ಆ ಖಾತೆಯ ಪ್ರವೇಶ ವಿವರ ಮತ್ತು ಪತ್ರಗಳು ಮೈಕ್ರೋಸಾಫ್ಟ್‌ನ ಸರ್ವರ್‌ಗಳಿಗೂ ಹೋಗುತ್ತವೆಂದು 2023ರ ನವೆಂಬರಿನಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಿಕೆಯೊಂದು ಎತ್ತಿ ತೋರಿಸಿತು. ಸಮನ್ವಯದ ಅನುಕೂಲಕ್ಕಾಗಿ ಹೀಗೆ ಮಾಡುವುದೆಂದು ಕಂಪನಿ ಹೇಳುತ್ತದೆ. ಆ ಅನುಕೂಲ ಬೇಕೋ ಬೇಡವೋ ಎಂಬುದು ನಮ್ಮ ತೀರ್ಮಾನವಾಗಬೇಕಿತ್ತು. ತಿಳಿಯದೆ ಆದ ತೀರ್ಮಾನವಾಯಿತು.

ಸ್ವಂತ ಪ್ರತಿ ಏಕೆ ಬೇಕೆಂಬುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ಜಿ.ಎಸ್.ಟಿ. ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳವರೆಗೆ ಕಾದಿರಿಸಬೇಕು. ಬಿಲ್ಲುಗಳು ಮಿಂಚಂಚೆಯಲ್ಲಿಯೇ ಬರುವ ಈ ದಿನಗಳಲ್ಲಿ ಅಂಚೆಪೆಟ್ಟಿಗೆಯೂ ಲೆಕ್ಕಪತ್ರದ ಭಾಗವೇ. ಎರಡನೆಯದಾಗಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡಲು ಪ್ರಮಾಣಪತ್ರ ಬೇಕು. ಮೂಲ ಪತ್ರ ಉಳಿದಿದ್ದರೆ ಮಾತ್ರ ಅದು ಸುಗಮ. ಮೂರನೆಯದಾಗಿ, ಉಚಿತ ಗೂಗಲ್ ಖಾತೆಯ 15 ಜಿ.ಬಿ. ಜಾಗದಲ್ಲಿ ಪತ್ರಗಳು ಮಾತ್ರವಲ್ಲ, 2021ರ ಜೂನ್‌ನಿಂದ ಹೊಸ ಫೋಟೋಗಳೂ ಲೆಕ್ಕಕ್ಕೆ ಬರುತ್ತವೆ. ಮದುವೆಯ ವಿಡಿಯೋಗಳಿಂದ ಜಾಗ ತುಂಬಿದರೆ ಪತ್ರಗಳು ಒಳಬಾರದೆ ಹಿಂದಿರುಗುತ್ತವೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ಕ್ರಮವನ್ನೂ ಗೂಗಲ್ 2023ರ ಡಿಸೆಂಬರಿನಿಂದ ಆರಂಭಿಸಿದೆ. ನೋಂದಣಿಗೆಂದು ಒಮ್ಮೆ ತೆರೆದು ಮರೆತ ವಿಳಾಸಗಳ ಗತಿ ಏನಾಗಬಹುದೆಂದು ಊಹಿಸಬಹುದು.

ಎರಡು ಆಕ್ಷೇಪಗಳು

ವಾಟ್ಸ್ಯಾಪ್ ಇರುವಾಗ ಮಿಂಚಂಚೆಯ ಚಿಂತೆ ಏಕೆಂದು ಕೆಲವರು ಕೇಳುತ್ತಾರೆ. ದಿನದ ದರ, ಲಾರಿಯ ಸಂಖ್ಯೆ, ಮಾಲಿನ ಫೋಟೋ ಇವಕ್ಕೆ ವಾಟ್ಸ್ಯಾಪ್ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಅದರ ಸಂದೇಶಗಳು ದಾರಿಯಲ್ಲಿ ಗೂಢಲಿಪಿಯಲ್ಲಿ ಇರುವುದರಿಂದ ಗೋಪ್ಯತೆಯಲ್ಲಿ ಸಾಮಾನ್ಯ ಮಿಂಚಂಚೆಗಿಂತ ಒಂದು ಹೆಜ್ಜೆ ಮುಂದೆಯೇ ಇದೆ. ಆದರೆ ಜಿ.ಎಸ್.ಟಿ. ನೋಂದಣಿ ಕೇಳುವುದು ಮಿಂಚಂಚೆ ವಿಳಾಸವನ್ನು. ಆದಾಯ ತೆರಿಗೆಯ ಮುಖರಹಿತ ವಿಚಾರಣೆಯ ಸೂಚನೆ ಬರುವುದು ಪೋರ್ಟಲ್ ಮತ್ತು ಮಿಂಚಂಚೆಗೆ. ಬೇಡವೆಂದರೂ ಅದನ್ನು ಬಿಡುವಂತಿಲ್ಲವೆಂದ ಮೇಲೆ ಚೆನ್ನಾಗಿ ಬಳಸುವುದೇ ಜಾಣತನ.

ವಿದೇಶಿ ಸೇವೆಗಳನ್ನು ಬಿಟ್ಟು ಸ್ವದೇಶಿ ಸೇವೆಗೆ ಹೋದರೆ ಸಮಸ್ಯೆ ಬಗೆಹರಿಯುತ್ತದೆಂಬುದು ಇನ್ನೊಂದು ವಾದ. 2025ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಜೋಹೋ ಮೇಲ್‌ಗೆ ಬದಲಾದ ನಂತರ ಈ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ನಮ್ಮ ದೇಶದ ಉದ್ಯಮವನ್ನು ಬೆಂಬಲಿಸುವುದು ಸ್ವಾಗತಾರ್ಹ. ಆದರೆ ಗುಪ್ತಪದ ಮುನೀಮರ ಬಳಿಯೇ ಉಳಿದು, ವಿಳಾಸವನ್ನು ಬಿಡಿಸಿ ನೋಡುವ ಅಭ್ಯಾಸ ನಮಗೆ ಬಾರದೆ ಇದ್ದರೆ, ಸೇವೆ ಯಾವ ದೇಶದ್ದಾದರೂ ಫಲಿತಾಂಶ ಒಂದೇ.

ಮಾಡಬೇಕಾದುದೇನು?

ಸದಸ್ಯರು ತಕ್ಷಣ ಕೈಗೊಳ್ಳಬಹುದಾದ ಕ್ರಮಗಳು ಕಷ್ಟದವೇನಲ್ಲ. ಜಿ.ಎಸ್.ಟಿ., ಉದ್ಯಮ್, ಬ್ಯಾಂಕ್ ಖಾತೆ ಇವುಗಳಲ್ಲಿ ಯಾರ ಮಿಂಚಂಚೆ ನಮೂದಾಗಿದೆ ಎಂಬುದನ್ನು ಈ ವಾರವೇ ಪರಿಶೀಲಿಸಿ, ತಮ್ಮದಲ್ಲದಿದ್ದರೆ ಬದಲಾಯಿಸಿಕೊಳ್ಳಬೇಕು. ವ್ಯಾಪಾರಕ್ಕೆ ಪ್ರತ್ಯೇಕ ವಿಳಾಸ, ಅದಕ್ಕೆ ಎರಡು ಹಂತದ ದೃಢೀಕರಣ ಇರಬೇಕು. ಸಲಹೆಗಾರರಿಗೆ ಬೇಕಾದ ಪತ್ರಗಳನ್ನು ಗುಪ್ತಪದ ಕೊಡದೆಯೇ ರವಾನಿಸಬಹುದು. ನೌಕರರು ಕೆಲಸ ಬಿಟ್ಟ ದಿನವೇ ಗುಪ್ತಪದ ಬದಲಾಗಬೇಕು. ಮೊಬೈಲನ್ನು ದುರಸ್ತಿಗೆ ಕೊಡುವ ಮುನ್ನ ಖಾತೆಯಿಂದ ಹೊರಬರಬೇಕು. ಬೀಗ ಹಾಕಿದ ಪರದೆಯ ಮೇಲೆ ಒ.ಟಿ.ಪಿ. ಮತ್ತು ಪತ್ರದ ಸಾಲುಗಳು ಕಾಣದಂತೆ ಮಾಡಬೇಕು. ಅಂಚೆಪೆಟ್ಟಿಗೆಯನ್ನು ಅಚ್ಚುಕಟ್ಟು ಮಾಡಿಕೊಡುವ ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳನ್ನು ಹಿಂಪಡೆಯಬೇಕು. ಮೂರು ತಿಂಗಳಿಗೊಮ್ಮೆ ಪತ್ರಗಳ ಪ್ರತಿಯನ್ನು ಕಚೇರಿಯ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು; ಇದಕ್ಕೆ ಥಂಡರ್‌ಬರ್ಡ್‌ನಂಥ ಮುಕ್ತ ತಂತ್ರಾಂಶ ಶುಲ್ಕವಿಲ್ಲದೆ ದೊರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಯಾರಿಂದ ಬಂದರೂ, ಆ ಪತ್ರದಲ್ಲಿರುವ ಸಂಖ್ಯೆಗಲ್ಲದೆ ಮೊದಲಿನಿಂದ ತಮ್ಮ ಬಳಿ ಇರುವ ಸಂಖ್ಯೆಗೆ ಕರೆ ಮಾಡಿ, ಧ್ವನಿ ಕೇಳಿ ಖಚಿತಪಡಿಸಿಕೊಂಡ ನಂತರವೇ ಹಣ ಕಳುಹಿಸಬೇಕು. ಮೋಸವಾಗಿದೆಯೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬೀದರಿನ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ನೀಡಬೇಕು. ಮರ್ಯಾದೆಗೆ ಅಂಜಿ ತಡಮಾಡಿದ ಪ್ರತಿಯೊಂದು ಗಂಟೆಯೂ ವಂಚಕನಿಗೆ ಲಾಭ.

ಸಂಸ್ಥೆಯ ಮೇಲೂ ಹೊಣೆಯಿದೆ. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಒಂದೊಂದು ದಿನದ ಶಿಬಿರ ನಡೆಸಿ, ಸದಸ್ಯರು ತಮ್ಮ ಮೊಬೈಲನ್ನು ತಂದು, ತಮ್ಮ ಕೈಯಿಂದಲೇ ಈ ಸೆಟ್ಟಿಂಗ್‌ಗಳನ್ನು ಬದಲಾಯಿಸಿಕೊಳ್ಳುವಂತೆ ಮಾಡಬೇಕು. ಭಾಷಣಗಳಿಂದ ಇದು ಆಗದು. ಬೀದರಿನವರೆಗೆ ಬರಲು ಅರ್ಧ ದಿನದ ವ್ಯಾಪಾರ ಬಿಡಬೇಕಾದ ಔರಾದಿನ ಗಡಿಭಾಗದ ವ್ಯಾಪಾರಿಗಳಿಗೆ ಶಿಬಿರ ಅಲ್ಲಿಯೇ ನಡೆಯುವುದು ಮುಖ್ಯ. ಸಂಘಸಂಸ್ಥೆಗಳು ಸುತ್ತೋಲೆ ಕಳುಹಿಸುವಾಗ ಎಲ್ಲ ಸದಸ್ಯರ ವಿಳಾಸಗಳೂ ಎಲ್ಲರಿಗೂ ಕಾಣುವಂತೆ ಕಳುಹಿಸುವ ರೂಢಿಯನ್ನು ಕೈಬಿಟ್ಟು, ವಿಳಾಸಗಳು ಮರೆಯಾಗಿರುವ ಬಿ.ಸಿ.ಸಿ. ಕ್ರಮವನ್ನು ಅನುಸರಿಸಬೇಕು. ವಂಚಕನಿಗೆ ಊರಿನ ವರ್ತಕರ ಪಟ್ಟಿಯನ್ನು ನಾವೇ ಕೈಗಿತ್ತಂತೆ ಆಗಬಾರದು. ತೆರಿಗೆ ನೋಟಿಸಿನ ಸಾರಾಂಶ, ಉತ್ತರಿಸಬೇಕಾದ ಕೊನೆಯ ದಿನಾಂಕ ಇವೆರಡನ್ನಾದರೂ ಕನ್ನಡದಲ್ಲಿ ನೀಡಬೇಕೆಂದು ಇಲಾಖೆಗಳನ್ನು ಸಂಸ್ಥೆಯು ಲಿಖಿತವಾಗಿ ಒತ್ತಾಯಿಸಬೇಕು. ನೋಟಿಸು ತಲುಪಿತೆಂದು ಭಾವಿಸುವ ಹಕ್ಕು ಸರ್ಕಾರಕ್ಕೆ ಇದ್ದರೆ, ಅದು ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಕೇಳುವ ಹಕ್ಕು ನಮಗೂ ಇದೆ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆ ಕೋಟೆಯ ಊರಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಬಾಗಿಲು ಹಾಕಲು ಬೇಕಾದ ಬೀಗದ ಕೈ ಮೊದಲು ನಮ್ಮ ಕೈಗೆ ಬರಲಿ. ಸದಸ್ಯರು ಈ ಸಂಚಿಕೆಯನ್ನು ಮಡಿಚಿ ಇಡುವ ಮುನ್ನ ತಮ್ಮ ನೋಂದಣಿಯಲ್ಲಿ ಯಾರ ಮಿಂಚಂಚೆ ಇದೆಯೆಂದು ಒಮ್ಮೆ ನೋಡಲಿ ಎಂಬುದೇ ನಮ್ಮ ವಿನಂತಿ.